ಎರಡನೆಯ ತುಂಡು

"ಅದು ವಿಲ್ಫ್ ಕೂರೋ ಜಾಗ ಕಣಮ್ಮಾ. ಎದ್ದೇಳಿ."

ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆನ್‌ಫೀಲ್ಡ್ ಮೈದಾನದಲ್ಲಿ, ಸಾಲಿನ ತುದಿಯ ಸೀಟಿನಲ್ಲಿ ಕೂತಿದ್ದ ಹೆಂಗಸು ಏಳಲಿಲ್ಲ. ಪಕ್ಕದ ಸೀಟಿನ ಮುದುಕ ಸಿರಿಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೊರಳಲ್ಲಿ ತಂಡದ ಕೆಂಪು ಮಫ್ಲರ್ ಇಲ್ಲ. ಮೈಮೇಲೆ ನೀಲಿ ಕೋಟು. ಈ ಊರಿನಲ್ಲಿ ನೀಲಿಯೆಂದರೆ ಎದುರಾಳಿ ತಂಡದವರ ಬಣ್ಣ. ಅದನ್ನು ತೊಟ್ಟು ಇಲ್ಲಿಗೆ ಬರುವವರು ಒಂದೋ ಹುಚ್ಚರು, ಇಲ್ಲವೇ ಏನನ್ನೋ ಹೊಂಚುತ್ತಿರುವವರು.

"ವಿಲ್ಫ್ ತೀರಿಕೊಂಡ್ರು, ಕ್ರಿಸ್‌ಮಸ್ ಆದ ವಾರ. ನಾನು ಅವರ ಹೆಂಡ್ತಿ, ಡೋರೀನ್."

ಸಿರಿಲ್ ಗೌರವಕ್ಕೆ ಟೋಪಿ ತೆಗೆದ. ಆದರೂ ನಂಬಿಕೆ ಬರಲಿಲ್ಲ. ವರ್ಷಗಟ್ಟಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ, ಮನೆ ಎಲ್ಲಿ, ಹೆಂಡತಿಯ ಹೆಸರೇನು ಎಂದು ಅವರಿಬ್ಬರೂ ಕೇಳಿಕೊಂಡವರಲ್ಲ. ದೇವರ ಮುಂದೆ ನಿಂತವರು ಪಕ್ಕದವರ ಮನೆತನ ವಿಚಾರಿಸುವುದಿಲ್ಲವಲ್ಲ, ಹಾಗೆ.

"ಹೆಂಡ್ತಿ ಅಂದ್ರೆ ಗೊತ್ತಿರ್ಬೇಕು. ಲಿವರ್‌ಪೂಲ್ ಯುರೋಪಿನ ಕಪ್ ಎಲ್ಲೆಲ್ಲಿ ಗೆದ್ದಿದೆ, ಹೇಳಿ ನೋಡೋಣ."

"ಮೊದಲು ರೋಮ್. ಅಡುಗೆಮನೆಗೆ ಅರ್ಧ ಬಣ್ಣ ಹೊಡೆದು ಹೊರಟುಹೋದ್ರು. ಮರುವರ್ಷ ಲಂಡನ್. ಪ್ಯಾರಿಸ್‌ಗೆ ಹೋದಾಗ ಮಗಳಿಗೆ ದಡಾರ. ಮತ್ತೆ ರೋಮ್. ಇಸ್ತಾಂಬುಲ್‌ನಿಂದ ಬಂದಾಗ ಕೂಗಿ ಕೂಗಿ ಗಂಟಲೇ ಇರ್ಲಿಲ್ಲ. ಮ್ಯಾಡ್ರಿಡ್‌ಗೆ ಮಂಡಿನೋವು ಇಟ್ಕೊಂಡೇ ಹೋದ್ರು. ನಿಮ್ಮ ಒಂದೊಂದು ಕಪ್ಪೂ ನನಗೆ ಒಂಟಿಯಾಗಿ ಉಂಡ ರಾತ್ರಿ ಕಣ್ರೀ."

ಸಿರಿಲ್ ಅವಳಿಗೆ ಜಾಗ ಬಿಟ್ಟು ಕೊಂಚ ಸರಿದು ಕೂತ.

"ಈಗ ನಾನು ಕೇಳ್ತೀನಿ," ಎಂದಳು ಡೋರೀನ್. "ಅವರು ನಿಜವಾಗ್ಲೂ ಇಲ್ಲಿಗೇ ಬರ್ತಿದ್ರಾ?"

"ಮತ್ತೆ? ಒಂದು ಆಟಾನೂ ತಪ್ಪಿಸಿದೋನಲ್ಲ."

"ಜೊತೆಗೆ ಯಾರು?"

"ಯಾರೂ ಇಲ್ಲಮ್ಮ, ಒಬ್ಬನೇ."

"ಗಂಡಸರು ಗಂಡಸರನ್ನ ಬಿಟ್ಟುಕೊಡ್ತೀರಾ!"

ಅವಳ ಮನಸ್ಸನ್ನು ಕೊರೆಯುತ್ತಿದ್ದುದು ಒಂದು ಕೇಕು. ಆಟವಿದ್ದ ದಿನವೆಲ್ಲ ವಿಲ್ಫ್ ಎರಡು ತುಂಡು ಕಟ್ಟಿಸಿಕೊಳ್ಳುತ್ತಿದ್ದ. ಒಂದು ಕರಕಲು ಅಂಚಿನದೇ ಆಗಬೇಕು. ಮನೆಯಲ್ಲಿ ಕರಕಲನ್ನು ಅವನು ಬಾಯಿಗೂ ಇಡುತ್ತಿರಲಿಲ್ಲ. ಯಾರಿಗೆಂದು ಕೇಳಿದರೆ, "ನನಗೇ ಕಣೆ" ಎಂದು ಮುಖ ತಿರುಗಿಸುತ್ತಿದ್ದ. ಕರಕಲು ಇಷ್ಟಪಡುವ ಆ ಇನ್ನೊಬ್ಬಳು ಯಾರು? ಕಣ್ಣಾರೆ ನೋಡಿ ಅನುಮಾನ ತೀರಿಸಿಕೊಳ್ಳಲೆಂದೇ ಅವಳು ಇಂದು ಬಂದಿದ್ದಳು.

ಆಟ ಶುರುವಾಯಿತು. ಕೆಂಪಿನವರು ಗೋಲು ಹೊಡೆದರು. ಇಡೀ ಸ್ಟ್ಯಾಂಡು ಎದ್ದು ನಿಂತಿತು. ಡೋರೀನ್ ಮಾತ್ರ ಕೂತೇ ಇದ್ದಳು, ಚೀಲ ಅವುಚಿಕೊಂಡು, ಸುತ್ತಲಿನ ಒಂದೊಂದು ಹೆಣ್ಣು ಮುಖವನ್ನೂ ಸೋಸಿ ನೋಡುತ್ತ.

ಅರ್ಧ ಆಟ ಮುಗಿದ ಸೀಟಿ ಕೇಳಿಸಿತು. ಅವಳು ಚೀಲದಿಂದ ಪೊಟ್ಟಣ ತೆಗೆದು, ಮಡಿಲಲ್ಲಿಟ್ಟು, ಬೆಳ್ಳಿ ಹಾಳೆಯನ್ನು ಬಿಚ್ಚಿದಳು. ಒಳಗೆ ಅವೇ ಎರಡು ತುಂಡು ಕೇಕು.

ಸಿರಿಲ್ ಇನ್ನೂ ಮೈದಾನದ ಕಡೆ ನೋಡುತ್ತ ರೆಫರಿಯನ್ನು ಬೈಯುತ್ತಿದ್ದ. ಹಾಳೆಯ ಸರಬರ ಸದ್ದು ಕೇಳಿದ್ದೇ ತಡ, ಅವನ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು. ಹೊಂಬಣ್ಣದ ಮೆತ್ತನೆ ತುಂಡನ್ನು ಬೆರಳಿನಿಂದಲೇ ತಡವಿ, ಬಿಟ್ಟು, ಕರಕಲು ಅಂಚಿನದನ್ನು ಎತ್ತಿಕೊಂಡಿತು.

ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. "ಅಯ್ಯೋ... ತಪ್ಪಾಯ್ತಮ್ಮ. ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

ಡೋರೀನ್ ಆ ಕೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಉಳಿದ ತುಂಡನ್ನು ತಾನು ಕಚ್ಚಿದಳು.

"ತಿನ್ನಿ. ಮುಂದಿನ ಆಟಕ್ಕೆ ಅಂಚು ಇನ್ನೊಂಚೂರು ಕರಕಲು ಮಾಡ್ಕೊಂಡು ಬರ್ತೀನಿ."