ಮಹಡಿ ಕೋಣೆಯ ಪ್ರವಾಸಿಗರು

ಅಣ್ಣನ ಟ್ಯಾಂಕುಗಳು ಗಡಿಗೆ ಬಂದು ನಿಂತಾಗ ತಮ್ಮ ನಾಟಕಶಾಲೆ ಕಟ್ಟಿಸುತ್ತಿದ್ದ. ಊಟದ ಮೇಜಿನ ಆ ಕಡೆ ಒಂದು ಲ್ಯಾಪ್‌ಟಾಪ್, ಈ ಕಡೆ ಒಂದು. ಯುದ್ಧ ಕಂಪ್ಯೂಟರಿನದು, ಪಣಕ್ಕಿಟ್ಟದ್ದು ಮಾತ್ರ ನಿಜವಾದ ಮಹಡಿ ಕೋಣೆ. ಬಾಡಿಗೆಯವರು ಖಾಲಿ ಮಾಡಿ ಹೋಗಿದ್ದರು. ಬಾಲ್ಕನಿ, ಗಾಳಿ, ಒಳಗೇ ಬಚ್ಚಲು. ಅಡುಗೆಮನೆಯ ಹಿಂದಿನ ಪುಟ್ಟ ಕೋಣೆಯಲ್ಲಿದ್ದು, ಮುಂದಿನ ವಾರ ಮದುವೆಯಾಗಲಿದ್ದ ಅಣ್ಣನಿಗೆ ಅದು ಬೇಕಿತ್ತು. ಹಾಲಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗಿಯೇ ಬೆಳೆದ ತಮ್ಮನಿಗೆ, ಹಾಕಿಕೊಳ್ಳಲು ತನ್ನದೇ ಒಂದು ಬಾಗಿಲು ಬೇಕಿತ್ತು. ಇಬ್ಬರ ಕಿತ್ತಾಟ ಕೇಳಿ ಕೇಳಿ ಸಾಕಾಗಿ ಅಮ್ಮ ಹೇಳಿಬಿಟ್ಟಿದ್ದಳು: "ಹೊತ್ತು ಗೊತ್ತಿಲ್ಲದೆ ಆ ಆಟ ಆಡ್ತೀರಲ್ಲ, ಅದರಲ್ಲೇ ತೀರ್ಮಾನ ಮಾಡ್ಕೊಳ್ಳಿ. ಗೆದ್ದೋನು ಮಹಡಿಗೆ. ಸೋತೋನು ಈಗ ಎಲ್ಲಿದ್ದಾನೋ ಅಲ್ಲೇ ಬಾಯಿ ಮುಚ್ಕೊಂಡು ಬಿದ್ದಿರ್ಬೇಕು."

ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ದಿನವಿಡೀ ಬೇರೆಯವರ ಪರವಾಗಿ ಬ್ರೇಕು ಒತ್ತಿ ಒತ್ತಿ ಬೇಸತ್ತವನು ಆಟದಲ್ಲಿ ಬ್ರೇಕನ್ನೇ ಮುಟ್ಟುತ್ತಿರಲಿಲ್ಲ. ಮೊಬೈಲ್ ರಿಪೇರಿ ಅಂಗಡಿಯ ತಮ್ಮ ಈ ಸಲ ಬೇರೆ ದಾರಿ ಹಿಡಿದಿದ್ದ. ಆ ಆಟವನ್ನು ಸಂಸ್ಕೃತಿಯಿಂದಲೂ ಗೆಲ್ಲಬಹುದು. ನಾಟಕಶಾಲೆ ಕಟ್ಟಬೇಕು, ಮ್ಯೂಸಿಯಂ ಕಟ್ಟಬೇಕು, ಒಳ್ಳೊಳ್ಳೆಯ ಚಿತ್ರಗಳನ್ನು ತಂದು ತೂಗುಹಾಕಬೇಕು. ಪಕ್ಕದ ದೇಶದ ಜನ ತಮ್ಮೂರು ಬಿಟ್ಟು ನಮ್ಮೂರು ನೋಡಲು ಮುಗಿಬಿದ್ದರೆ ಜಗತ್ತೇ ನಮ್ಮದು.

"ಅಣ್ಣಾ, ಟ್ಯಾಂಕಿಗೆ ತೈಲ ಮುಗೀತಾ ಬಂತು ಅನ್ಸುತ್ತೆ. ನಾನು ಕೊಡ್ತೀನಿ. ನಿನ್ ಅರಮನೇಲಿರೋ ಹಳೇ ಚಿತ್ರಗಳನ್ನ ನಂಗೆ ಕೊಟ್ಬಿಡು. ಸ್ವಲ್ಪ ದಿನ ಶಾಂತಿ."

"ಎಲ್ಲಾ ಹೊತ್ಕೊಂಡು ಹೋಗೋ. ನಾನೇನು ಅವನ್ನ ಉಪ್ಪಿನಕಾಯಿ ಹಾಕ್ಲಾ?"

ಬಟ್ಟೆ ಮಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು. "ಅವನು ತಾನಾಗೇ ತೈಲ ಕೊಡ್ತಿದ್ದಾನೆ ಅಂದ್ರೆ ಏನೋ ಮಸಲತ್ತಿದೆ ಕಣೋ."

"ನೀನು ಸುಮ್ನಿರಮ್ಮ. ಇದು ಗಂಡಸರ ಯುದ್ಧ."

ಗಂಡಸರ ಯುದ್ಧ ಶುರುವಾಗಲೇ ಇಲ್ಲ. ಶಾಂತಿಯ ಗಡುವು ಮುಗಿಯುವುದನ್ನು ಟ್ಯಾಂಕುಗಳು ಕಾಯುತ್ತ ನಿಂತಿದ್ದಾಗಲೇ ಅಣ್ಣನ ಪ್ರಜೆಗಳು ಗುಂಪುಗುಂಪಾಗಿ ಗಡಿ ದಾಟಿ ತಮ್ಮನ ಮ್ಯೂಸಿಯಮ್ಮಿಗೆ ಹೋದರು, ತಮ್ಮದೇ ಅರಮನೆಯ ಚಿತ್ರಗಳನ್ನು ನೋಡಿ ಬೆರಗಾಗಲು. ತಮ್ಮನ ಪರದೆಯ ಮೇಲೆ ಗೆಲುವಿನ ಪಟಾಕಿ ಹಾರಿತು.

"ಒಂದು ಗುಂಡೂ ಹಾರಿಸ್ಲಿಲ್ವಲ್ಲೋ!"

"ಅದೇ ಅಣ್ಣಾ ಮಜಾ. ಕೋಟೆ ಒಡೆಯೋಕೆ ಯಾವ ಗೂಳಿಗೂ ಬರುತ್ತೆ. ಜನ ತಾವಾಗೇ ಬರೋ ಹಾಗೆ ಮಾಡೋಕೆ ತಲೆ ಬೇಕು."

ಅಂದೇ ಸಂಜೆ ತಮ್ಮ ಮಹಡಿ ಏರಿದ. ಗೋಡೆಗೆ ಬಣ್ಣದ ದೀಪ, ಕಿಟಕಿಗೆ ಹೊಸ ಪರದೆ, ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ. ಹಾಸಿಗೆ ಹೊರಲು ಅಣ್ಣನೇ ಕೈ ಕೊಟ್ಟ. "ಪರವಾಗಿಲ್ವೋ, ಚೆನ್ನಾಗಿ ಮಾಡ್ಕೊಂಡಿದ್ದೀಯ" ಎಂದು ನಾಲ್ಕು ದಿಕ್ಕಿನಿಂದ ಫೋಟೋ ಬೇರೆ ತೆಗೆದುಕೊಂಡ. ಸೋತರೂ ದೊಡ್ಡ ಮನಸ್ಸು ಅಂದುಕೊಂಡ ತಮ್ಮ. ಆ ಫೋಟೋಗಳು ರಾತ್ರಿಯೊಳಗೆ ನೆಂಟರ ಮೊಬೈಲುಗಳಿಗೆಲ್ಲ ಹೋಗಿದ್ದು ಅವನಿಗೆ ಗೊತ್ತಾಗಲಿಲ್ಲ. ಕೆಳಗೆ ಒಂದು ಸಾಲೂ ಇತ್ತು: ಮದುವೆಗೆ ಬಂದವರು ಲಾಡ್ಜು ಹುಡುಕಬೇಡಿ, ತಮ್ಮ ನಿಮಗಾಗಿಯೇ ಸಿಂಗರಿಸಿದ್ದಾನೆ.

ಬಂದರು. ಮೊದಲು ಸೋದರಮಾವನ ಸಂಸಾರ, ಹಿಂದೆಯೇ ಚಿಕ್ಕಪ್ಪನ ಮಕ್ಕಳು. ಮಂಡಿನೋವೆಂದು ಬಸ್ಸಿನ ಮೆಟ್ಟಿಲನ್ನೂ ಹತ್ತದ ದೊಡ್ಡಮ್ಮ ಬಾಲ್ಕನಿಯ ಫೋಟೋ ನೆನೆದು ಒಂದೇ ಉಸಿರಿಗೆ ಮಹಡಿ ಹತ್ತಿದಳು. ಬೆತ್ತದ ಕುರ್ಚಿ ಅವಳದಾಯಿತು. ತಮ್ಮನ ಹಾಸಿಗೆ ಮೆಟ್ಟಿಲ ತಿರುವಿಗೆ ಇಳಿಯಿತು.

"ಅಮ್ಮಾ, ಹಾಲಿನಲ್ಲಿ ಜಾಗ ಇಲ್ವಾ ಇವ್ರಿಗೆಲ್ಲ?"

"ನಿನ್ ರೂಮು ನೋಡ್ಬೇಕು ಅಂತಾನೇ ಬಂದಿದ್ದಾರಪ್ಪ. ಬೇಡ ಅನ್ನೋಕಾಗುತ್ತಾ?"

ಮದುವೆ ಮುಗಿಯಿತು. ಕೆಲವರು ಹೊರಟರು. ಹೊರಟವರು ಊರಿಗೆ ಹೋಗಿ ಹೊಗಳಿದ್ದರಿಂದ ಬೇರೆ ಕೆಲವರು ಬಂದರು. ಮಾವನ ಮಗನಿಗೆ ಇಲ್ಲೇ ಯಾವುದೋ ಪರೀಕ್ಷೆ, ಚಿಕ್ಕಪ್ಪನಿಗೆ ಕಣ್ಣಿನ ಡಾಕ್ಟರು, ದೊಡ್ಡಮ್ಮನಿಗೆ ಸುಮ್ಮನೆ ಗಾಳಿ. ಕೊನೆಗೊಂದು ಬೆಳಿಗ್ಗೆ ತಮ್ಮ ಮಾನ ಬಿಟ್ಟು ಅಡುಗೆಮನೆಯ ಹಿಂದಿನ ಕೋಣೆಯ ಬಾಗಿಲು ಬಡಿದ.

"ಅಣ್ಣಾ, ಬದಲಾಯಿಸ್ಕೊಳ್ಳೋಣ. ನೀನು, ಅತ್ತಿಗೆ ಮೇಲೆ ಹೋಗ್ಬಿಡಿ. ಹೊಸದಾಗಿ ಮದುವೆಯಾದವರು, ನಿಮಗೇ ಸರಿ ಅದು."

ಅಣ್ಣ ನಿದ್ದೆ ತುಂಬಿದ ಮುಖವನ್ನಷ್ಟೇ ಹೊರಗೆ ಹಾಕಿದ. "ಛೆ ಛೆ, ಗೆದ್ದೋನು ನೀನು. ಇಲ್ಲೇನಿದೆ ಹೇಳು? ಕಿಟಕಿ ಇಲ್ಲ, ಗಾಳಿ ಇಲ್ಲ. ಫೋಟೋ ತೆಗೆದ್ರೆ ಗೋಡೆ ಬರುತ್ತೆ. ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕಲ್ಲ ಕಣೋ." ಒಳಗೆ ಅತ್ತಿಗೆ ಕಿಸಕ್ಕನೆ ನಕ್ಕಳು. ಬಾಗಿಲು ಮುಚ್ಚಿತು.

ತಮ್ಮ ಮಹಡಿ ಹತ್ತಿ, ಅಂಗಡಿಗೆ ಹಾಕಿಕೊಂಡು ಹೋಗಲು ಒಂದು ಶರ್ಟಾದರೂ ಸಿಗಲಿ ಎಂದು ತನ್ನ ಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿದ. ತೆರೆದದ್ದು ಅವನು ಜನ್ಮದಲ್ಲಿ ನೋಡಿರದ ಒಬ್ಬ ಹೆಂಗಸು, ಸೋದರಮಾವನ ಬೀಗಿತ್ತಿ. ಅವನನ್ನು ಮೇಲಿಂದ ಕೆಳಗೊಮ್ಮೆ ನೋಡಿ, ಒಳಗೆ ತಿರುಗಿ ಕೂಗಿದಳು:

"ರೂಮ್ ಬಾಯ್ ಬಂದಿದ್ದಾನೆ. ಯಾರ‍್ಯಾರಿಗೆ ಬಿಸಿನೀರು ಬೇಕು, ಈಗಲೇ ಹೇಳ್ಬಿಡಿ!"