ಬೇಡವೆಂದ ಎರಡು ಕಂಬಿಗಳು

ಮನೆಯಲ್ಲಿ ಭಾರ ಎತ್ತಿ ಮೈ ಬೆಳೆಸುವ ಮಕ್ಕಳಿದ್ದರೆ, ಕೈಯಲ್ಲಿರುವ ಕಾಫಿ ಲೋಟವನ್ನು ಆಚೆ ಇಟ್ಟು ಇದನ್ನು ಓದಿ…

ದಾವಣಗೆರೆಯ ಹಳೇ ಪೇಟೆಯಲ್ಲಿ ಇಸ್ಮಾಯಿಲ್ ಸಾಬರದು ಜಿಮ್ ಸಾಮಾನಿನ ಅಂಗಡಿ. ಅದರ ಮೂಲೆಯ ಸ್ಟೂಲಿನ ಮೇಲೆ ದಿನಾ ಬೆಳಗ್ಗೆ ಹಿರಿಯರೊಬ್ಬರು ಬಂದು ಕೂರುತ್ತಾರೆ.

ಹಣೆಯಲ್ಲಿ ವಿಭೂತಿ. ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿ. ಹೆಸರು ಹಾಲೇಶಪ್ಪ… ಒಂದು ಕಾಲಕ್ಕೆ ಪೈಲ್ವಾನ್ ಹಾಲೇಶಪ್ಪ.

ಅವರು ಅಲ್ಲಿ ಏನನ್ನೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಬಂದವರು ಏನು ಆರಿಸುತ್ತಾರೆಂದು ನೋಡುತ್ತಾರೆ, ಅಷ್ಟೆ.

ಒಂದು ದಿನ ಕಾರಿನಿಂದ ಒಬ್ಬ ವ್ಯಾಪಾರಿ ಇಳಿದ. ಮಗಳು ಕಾಲೇಜಿನ ಪವರ್‌ಲಿಫ್ಟಿಂಗ್ ತಂಡಕ್ಕೆ ಆಯ್ಕೆಯಾಗಿದ್ದಳು. ಮನೆಯ ಮಹಡಿಯಲ್ಲೇ ಅವಳಿಗೊಂದು ಜಿಮ್ ಮಾಡಿಕೊಡಬೇಕೆಂದು ಅವನ ಆಸೆ.

ಡಂಬಲ್ ಆರಿಸಿದ, ರಬ್ಬರಿನ ಪ್ಲೇಟು ಆರಿಸಿದ, ಗೋಡೆಯಗಲದ ಕನ್ನಡಿ ಬೇಕೆಂದ. ಕೊನೆಗೆ ಬೆಂಚ್ ಪ್ರೆಸ್ ಸ್ಟ್ಯಾಂಡಿನ ಮುಂದೆ ನಿಂತ.

“ಇವೆರಡು ಅಡ್ಡ ಕಂಬಿ ಯಾಕ್ರಿ? ಕೂಸಿನ ತೊಟ್ಲು ಇದ್ದಂಗೆ ಕಾಣ್ತತಿ. ಬಿಚ್ಚಿಬಿಡ್ರಿ.”

“ಅವು ಸೇಫ್ಟಿ ಬಾರ್, ಸಾರ್,” ಎಂದರು ಇಸ್ಮಾಯಿಲ್. “ಮಲಗಿ ಎತ್ತೋವಾಗ ಕೈ ಸೋತ್ರೆ, ರಾಡ್ ಕುತ್ತಿಗೆ ಮೇಲೆ ಬೀಳದಂಗೆ ಇವೇ ತಡೀತಾವೆ.”

“ಅಂಜೋರಿಗೆ ಬೇಕ್ರಿ ಇವೆಲ್ಲ. ನನ್ ಮಗಳು ಹುಲಿ!”

ಹಾಲೇಶಪ್ಪ ಸ್ಟೂಲಿನಲ್ಲೇ ಮುಂದಕ್ಕೆ ಬಾಗಿದರು. ಇದೇ ಅಂಗಡಿ… ಇದೇ ಮಾತು…

“ಕಂಬಿ ಇರ್ಲಿ ಬಿಡಪ್ಪ,” ಎಂದರು ಮೆಲ್ಲಗೆ.

ವ್ಯಾಪಾರಿ ತಿರುಗಿ ನೋಡಿ ನಕ್ಕ. “ಏನಜ್ಜ, ಈ ವಯಸ್ನಾಗೆ ನೀವೂ ಎತ್ತೀರೇನು? ಕೋಲು ಎತ್ಕಂಡು ಮನಿಗೆ ನಡೀರಿ, ಸಾಕು.”

ಇಸ್ಮಾಯಿಲ್ ಸಾಬರ ಮುಖ ಕೆಂಪಾಯಿತು. ಹಾಲೇಶಪ್ಪ ಕೈಸನ್ನೆಯಿಂದ ಅವರನ್ನು ಸುಮ್ಮನಾಗಿಸಿದರು.

“ನನಗೂ ಒಬ್ಬ ಮಗ ಇದ್ದ, ನಿರಂಜನ ಅಂತ. ತಾಯಿಲ್ಲದ ಕೂಸು… ಈ ಕಂಬಿ ಬೇಕಪ್ಪಾಜಿ ಅಂತ ಅವನೇ ಕೇಳಿದ್ದ.”

ಮಗನಿಗೆ ಬೆಂಚ್ ಕೊಳ್ಳಲು ಬಂದ ಆ ದಿನ, ಕಂಬಿ ಇರಲಿ ಎಂದು ಇಸ್ಮಾಯಿಲ್ ಕೂಡ ಹೇಳಿದ್ದರು. ಆದರೆ ಹಾಲೇಶಪ್ಪ, “ನಮ್ಮ ಗರಡಿಯಾಗೆ ಇಂಥವು ಇದ್ವೇನೋ?” ಎಂದು ಗದರಿಸಿ, ಸ್ಪ್ಯಾನರ್ ಇಸಿದುಕೊಂಡು, ತಮ್ಮ ಕೈಯಾರೆ ಆ ಎರಡು ಕಂಬಿಗಳನ್ನು ಬಿಚ್ಚಿ ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು.

ಮೂರನೆಯ ತಿಂಗಳು, ಒಂದು ಸೋಮವಾರ ಬೆಳಗ್ಗೆ. ಅವರು ದೇವರ ಮನೆಯಲ್ಲಿದ್ದರು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಮಂಗಳಾರತಿ.

ಪಕ್ಕದ ಕೋಣೆಯಿಂದ ಮಗ ಕೂಗಿದ. “ಅಪ್ಪಾಜಿ, ಒಂದೀಟು ಬಂದು ತಲೆಗಡೆ ನಿಂತ್ಕೋ… ಇವತ್ತು ಜಾಸ್ತಿ ಹಾಕೀನಿ.”

“ಪೈಲ್ವಾನನ ಮಗನಿಗೆ ಕಾವಲು ಬೇಕೇನೋ? ಪೂಜೆ ಅರ್ಧ ಆಗೈತಿ. ಎತ್ತು!”

ಸ್ವಲ್ಪ ಹೊತ್ತಿಗೆ ಧಡ್ ಎಂದು ಕಬ್ಬಿಣ ಬಿದ್ದ ಸದ್ದು…

ಗರಡಿಯಲ್ಲಿ ಬೆಳೆದವರಿಗೆ ಆ ಸದ್ದಿನ ಅರ್ಥ ಒಂದೇ. ಕಲ್ಲಿನ ಗುಂಡನ್ನು ಎತ್ತಿ, ಹೆಗಲು ದಾಟಿಸಿ ನೆಲಕ್ಕೆ ಹಾಕಿದರೆ ಹೀಗೆಯೇ ಧಡ್ ಎನ್ನುತ್ತದೆ. ಆಗ ಸುತ್ತ ನಿಂತವರು ಶಭಾಷ್ ಎನ್ನಬೇಕು. ಅದು ಅಲ್ಲಿಯ ಪದ್ಧತಿ.

ಹಾಲೇಶಪ್ಪ ಕೂತಲ್ಲಿಂದಲೇ ಕೂಗಿದರು… “ಶಭಾಷ್!”

ಆಮೇಲೆ ಸಂತೋಷದಿಂದ ಇನ್ನೂ ಜೋರಾಗಿ ಗಂಟೆ ಬಾರಿಸಿದರು.

ಪೂಜೆ ಮುಗಿಸಿ, ಪ್ರಸಾದ ಹಿಡಿದು ಆ ಕೋಣೆಗೆ ಹೋದಾಗ… ಪ್ರಸಾದ ತೆಗೆದುಕೊಳ್ಳಲು ಮಗನ ಕೈ ಏಳಲಿಲ್ಲ.

ಇಷ್ಟನ್ನು ಹೇಳಿ ಹಾಲೇಶಪ್ಪ ಅಂಗಡಿಯ ಆ ಕಂಬಿಗಳತ್ತ ಕೈ ತೋರಿಸಿದರು.

“ಗರಡಿಯಾಗೆ ಕಂಬಿ ಇರ್ಲಿಲ್ಲ, ಖರೆ,” ಎಂದರು ಹಾಲೇಶಪ್ಪ. “ಆದ್ರೆ ನಾನು ಗುಂಡು ಎತ್ತಿದಾಗೆಲ್ಲ ಈ ಇಸ್ಮಾಯಿಲ್ ಹಿಂದೆ ಕೈ ಚಾಚ್ಕಂಡು ನಿಂತಿರ್ತಿದ್ದ. ಅದನ್ನೂ ನನ್ನ ತಾಕತ್ತು ಅನ್ಕಂಡುಬಿಟ್ಟಿದ್ದೆ.”

ವ್ಯಾಪಾರಿ ಮಗಳಿಗೆ ಫೋನ್ ಮಾಡಿದ. “ಪುಟ್ಟಿ… ನಾನು ಬರೋಗಂಟ ಏನೂ ಎತ್ತಬ್ಯಾಡ. ಆಯ್ತಾ? ಏನೂ ಎತ್ತಬ್ಯಾಡಮ್ಮ…”

ಕಂಬಿಗಳು ಇರಲಿ ಎಂದು ಇಸ್ಮಾಯಿಲ್ ಸಾಬರಿಗೆ ಹೇಳಿ, ಅವನು ಹಾಲೇಶಪ್ಪನವರ ಕಾಲಿಗೆ ಬಗ್ಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನನ್ ಕಾಲು ಮುಟ್ಟಬ್ಯಾಡ. ಕಂಬಿ ಇದ್ರೂ ನೀನು ಹೋಗಿ ಮಗಳ ತಲೆಗಡೆ ನಿಂತ್ಕೋ.”

ಕಾರು ಹೋದ ಮೇಲೆ ಇಸ್ಮಾಯಿಲ್ ಹೇಳಿದರು. “ಒಂದು ಜೀವ ಉಳೀತು ಅನ್ಕೋ ಅಣ್ಣಾ. ಆ ಪುಣ್ಯ ನಿಂದೇ.”

“ಉಳೀಲಿ, ನೂರು ವರ್ಷ ಬಾಳ್ಲಿ… ಆದ್ರೆ ನನ್ನ ಮನೆಯಾಗೆ ಅಪ್ಪಾಜಿ ಅಂತ ಕೂಗೋರು ಯಾರೋ, ಇಸ್ಮಾಯಿಲ್?”

ಹಾಲೇಶಪ್ಪ ಈಗಲೂ ಎರಡು ಹೊತ್ತು ಪೂಜೆ ಮಾಡುತ್ತಾರೆ. ದೇವರ ಮೇಲೆ ಅವರಿಗೆ ಸಿಟ್ಟಿಲ್ಲ. ಆ ದಿನ ದೇವರೇನೂ ಅವರನ್ನು ಕಟ್ಟಿ ಕೂರಿಸಿರಲಿಲ್ಲ.

ಗಂಟೆಯ ನಾಲಿಗೆಗೆ ಮಾತ್ರ ಬಟ್ಟೆ ಸುತ್ತಿಟ್ಟಿದ್ದಾರೆ… ಒಳಗಿನಿಂದ ಯಾರಾದರೂ ಕರೆದರೆ ಕೇಳಿಸಬೇಕಲ್ಲ.

ಕರೆಯುವವರು ಯಾರೂ ಇಲ್ಲ.

ಹಿಂದೆ ನಿಂತವರ ಬಲವನ್ನು ತನ್ನದೇ ಬಲವೆಂದು ನಂಬಿದ ಮನುಷ್ಯ, ಮಕ್ಕಳ ಹಿಂದೆ ನಿಲ್ಲುವುದನ್ನು ಮರೆಯುತ್ತಾನೆ.

ಇವತ್ತು ನಿಮ್ಮ ಮನೆಯ ಒಳಕೋಣೆಯಿಂದ “ಒಂದು ನಿಮಿಷ ಬನ್ನಿ” ಎಂಬ ಕೂಗು ಬಂದರೆ… ಕೈಯಲ್ಲಿರುವ ಕೆಲಸ ಎಷ್ಟೇ ದೊಡ್ಡದಿರಲಿ, ಅರ್ಧಕ್ಕೆ ಬಿಟ್ಟು ಏಳುತ್ತೀರಾ?