ನೂರು ಪ್ರಶ್ನೆಯ ರೊಟ್ಟಿ

ಈ ಸಲವೂ ಟೈಲರ್ ತನ್ನ ಮಗಳನ್ನು ಚರ್ಚಿನ ಸಭಾ ಹಿರಿಯರ ಮುಂದೆ ತಂದು ಕೂರಿಸಿದ. ಅವಳ ವಯಸ್ಸು ಮೂವತ್ತು, ಬುದ್ಧಿ ಆರು ವರ್ಷದ ಮಗುವಿನದು. ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಕೈಗೆ ಬರಬೇಕಾದರೆ ನೂರು ಪ್ರಶ್ನೆಗೆ ಉತ್ತರ ಹೇಳಬೇಕು. ಹನ್ನೆರಡು ವರ್ಷದಿಂದ ಅವಳು ನಪಾಸು. ಪ್ರತಿ ಸಲ ತಟ್ಟೆ ಬಂದಾಗ ಕೈ ಚಾಚುತ್ತಾಳೆ, ಅಪ್ಪ ಆ ಕೈಯನ್ನು ಮಡಿಸಿ ತೊಡೆಯ ಮೇಲಿಡುತ್ತಾನೆ. ಕೂಸಾಗಿದ್ದಾಗ ಇದೇ ಸಭೆ ಅವಳ ತಲೆಗೆ ದೀಕ್ಷಾಸ್ನಾನದ ನೀರು ಹಾಕಿತ್ತು. ಅಂದು ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೂ ನಿದ್ದೆಯಲ್ಲಿದ್ದಳು.

ಪ್ರಶ್ನೆ ಕೇಳುವವರು ನಿವೃತ್ತ ಹೆಡ್‌ಮಾಸ್ತರು. ನೂರು ಪ್ರಶ್ನೆಯ ಕಟ್ಟಳೆ ತಂದ ಪುಣ್ಯಾತ್ಮರೂ ಅವರೇ. ಪಕ್ಕದಲ್ಲಿ ಪಾದ್ರಿ. ದೇವರು ತನ್ನ ಜನರಿಗೆ ಕೊಟ್ಟ ಮಾತು, ಆ ಒಡಂಬಡಿಕೆ, ಅಬ್ರಹಾಮನ ಕಾಲದಿಂದ ಕಡಿಯದೆ ಬಂದಿದೆ ಎಂದು ಹಿಂದಿನ ಭಾನುವಾರ ಗಂಟೆಗಟ್ಟಲೆ ಕೊರೆದಿದ್ದರು. ಅರ್ಧ ಸಭೆ ಗೊರಕೆ ಹೊಡೆದರೂ ಒಡಂಬಡಿಕೆಗೆ ಏನೂ ಆಗಿರಲಿಲ್ಲ.

"ಅಬ್ರಹಾಮನಿಂದ ನಮ್ಮವರೆಗೆ ದೇವರು ಮಾಡಿದ ಕೃಪೆಯ ಒಡಂಬಡಿಕೆ ಎಷ್ಟಮ್ಮಾ?" ಹೆಡ್‌ಮಾಸ್ತರು ಶುರು ಮಾಡಿದರು.

"ಒಂದು," ಎಂದಳು. ಅಪ್ಪ ತಿಂಗಳಿಡೀ ಅಳತೆಪಟ್ಟಿ ಹಿಡಿದು ಕಲಿಸಿದ್ದ: ಇಂಚು ಬೇಕಾದಷ್ಟು, ಪಟ್ಟಿ ಒಂದೇ.

ಹೆಡ್‌ಮಾಸ್ತರು ತಲೆಯಾಡಿಸಿ ಪುಟ ತಿರುಗಿಸಿದರು, ಮತ್ತೆ ಅದನ್ನೇ ಕೇಳಿದರು. "ಒಂದು." ಮೂರನೇ ಸಲವೂ ಅದೇ ಪ್ರಶ್ನೆ. ಮಗಳಿಗೆ ಖುಷಿಯೋ ಖುಷಿ. ಇಷ್ಟು ಸುಲಭದ ಪರೀಕ್ಷೆ ಅವಳು ಕಂಡೇ ಇರಲಿಲ್ಲ.

"ಮಾಸ್ತರೇ, ಅದು ಆಯ್ತು," ಎಂದರು ಪಾದ್ರಿ.

"ಆಯ್ತೇ? ಉತ್ತರ... ಏನದು?" ಮುದುಕರ ಮುಖದಲ್ಲಿ ಗಾಬರಿ.

"ಒಂದು, ತಾತ," ಎಂದು ಮಗಳು ಮೆಲ್ಲಗೆ ಹೇಳಿಕೊಟ್ಟಳು.

ಟೈಲರ್ ಎದ್ದು ನಿಂತ. "ಪಾದ್ರಿಗಳೇ, ಬರೋ ಭಾನುವಾರ ಇವರಿಗೆ ರೊಟ್ಟಿ ಕೊಡ್ತೀರೋ ಇಲ್ವೋ?"

"ಇದೆಂಥಾ ಮಾತು? ಅವರು ಮರೆತ್ರೂ ದೇವರು ಅವರನ್ನ ಮರೀತಾನಾ?"

ಹೇಳಿದ ಮೇಲೆ ಪಾದ್ರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಮಾಸ್ತರ ಕೈಯಿಂದ ಪ್ರಶ್ನೆಯ ಪುಸ್ತಕ ತೆಗೆದು ಮುಚ್ಚಿದರು. ಉಳಿದ ತೊಂಬತ್ತೊಂಬತ್ತು ಪ್ರಶ್ನೆ ಅದರೊಳಗೇ ಉಳಿದವು.

ಭಾನುವಾರ ತಟ್ಟೆ ಬಂತು. ಮಗಳು ಕೈ ಚಾಚಿದಳು. ಅಪ್ಪ ರೂಢಿಯಂತೆ ಮಡಿಸಹೋದ. ಪಾದ್ರಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಅವನು ಆ ಕೈ ಬಿಟ್ಟ. ಅವನಿಗೆ ಅಳು ಬಂದುಬಿಟ್ಟಿತು.

ಅವಳ ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ತರು ತಮ್ಮ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಇದನ್ನೇನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಹನ್ನೆರಡು ವರ್ಷ ಎಲ್ಲರ ಬಾಯಿ ನೋಡುತ್ತ ಕೂತವಳು ಅವರ ಕಿವಿಯ ಬಳಿ ಬಾಗಿದಳು.

"ಮೊದಲು ಕಣ್ಣು ಮುಚ್ಚಿ, ತಾತ. ಆಮೇಲೆ ತಿನ್ನಿ."